ನಮ್ಮ ಮೋಟ್ರು ಸಿನಿಮಾ ನೋಡಲ್ಲ

ಹೋದ ವಾರ ಹೇಳಿದ್ದ ತೆಂಗಿನ ಗೊಬ್ಬರದ ಟಿಪ್ಪಣಿ ಮುಂದಿನ ವಾರಕ್ಕೆ ಹೋಯ್ತು. ರಾಗಿ ಕೊಯ್ಲು ಮುಗಿದು ಕಣದ ಕೆಲಸ ಬಾಕಿ ಇದೆ, ಅದರ ಮಧ್ಯೆ ಇದನ್ನ ಬರೀಲೇಬೇಕು ಅನ್ನಿಸ್ತು. ಈ ಸಲ ಸಿಮ್ಮಿನ ವಿಚಾರ. ಬೆಳೆ ವಿಚಾರ ಬಿಟ್ಟು ಎಲ್ಲಿಗೋ ಹೋದ ಅನ್ಕೋಬೇಡಿ. ಈಗ ಬೋರಿನ ನೀರು ತೋಟಕ್ಕೆ ಬರೋದೇ ಸಿಮ್ಮಿನ ದಯೆಯಿಂದ.

ಮೊದಲು ಲೆಕ್ಕ. ನಮ್ಮ ಮನೇಲಿ ಐದು ಸಿಮ್ ಇವೆ. ನನ್ನದೊಂದು, ಮಗನದೊಂದು, ಇವೆರಡು ಟಚ್ ಫೋನಿನವು. ಅವ್ವನ ಕೀಪ್ಯಾಡ್ ಫೋನಿಗೆ ಒಂದು. ಉಳಿದ ಎರಡು ಮನುಷ್ಯರ ಹತ್ರ ಇಲ್ಲ, ಎರಡು ಬೋರಿನ ಮೊಬೈಲ್ ಸ್ಟಾರ್ಟರ್ ಡಬ್ಬಿಯೊಳಗೆ ಕೂತಿವೆ. ನನ್ನದೂ ಮಗನದೂ ಬಿಡಿ, ನಾವು ವಿಡಿಯೋ ನೋಡ್ತೀವಿ, ಈ ಪೇಜು ನಡೆಸ್ತೀವಿ, ಅದಕ್ಕೆ ಕೊಡೋ ದುಡ್ಡಿಗೆ ನನ್ನ ತಕರಾರಿಲ್ಲ. ಮಿಕ್ಕ ಮೂರಕ್ಕೂ ಇಂಟರ್ನೆಟ್ಟಿನ ಗಂಧಗಾಳಿ ಇಲ್ಲ. ಅವ್ವ ಹಸಿರು ಗುಂಡಿ ಒತ್ತಿ ಮಾತಾಡ್ತಾರೆ, ಕೆಂಪು ಗುಂಡಿ ಒತ್ತಿ ಇಡ್ತಾರೆ. ಮೋಟ್ರು ಅಷ್ಟು ಮಾತೂ ಆಡಲ್ಲ.

ಈ ಮೂರು ಸಿಮ್ ಜೀವಂತ ಇರಬೇಕು ಅಂದ್ರೆ 28 ದಿನಕ್ಕೊಂದು ಸಲ 199 ಹಾಕಬೇಕು. ವರ್ಷಕ್ಕೆ ಹನ್ನೆರಡು ತಿಂಗಳು ಅಂತ ನಾವು ಶಾಲೇಲಿ ಓದಿದ್ದು. ಕಂಪನಿಯವರ ಕ್ಯಾಲೆಂಡರಿನಲ್ಲಿ ಹದಿಮೂರು. ಒಂದು ಸಿಮ್ಮಿಗೆ 2587 ರೂಪಾಯಿ. ಒಟ್ಟಿಗೇ ವರ್ಷದ್ದು ಹಾಕಿಸಿದ್ರೆ, 2025ರ ಜನವರಿಯಲ್ಲಿ ಬಂದ ಏರ್‌ಟೆಲ್‌ನ ಬರೀ ಮಾತಿನ ಪ್ಯಾಕು 1849. ಮೂರು ಸಿಮ್ಮಿಗೆ 5547. 2025-26ಕ್ಕೆ ರಾಗಿಗೆ ಸರ್ಕಾರ ಕಟ್ಟಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 4886. ಅಂದ್ರೆ ಒಂದು ಕ್ವಿಂಟಾಲ್ ರಾಗಿ ಪೂರ್ತಿ ಕೊಟ್ಟು, ಮೇಲೆ ಆರುನೂರು ಚಿಲ್ರೆ ಸೇರಿಸಿದ್ರೆ ಅವ್ವನೂ ಎರಡು ಮೋಟ್ರೂ ವರ್ಷವಿಡೀ "ಹಲೋ" ಅನ್ನಬಹುದು.

ನಮ್ಮಲ್ಲೇ ಕೆಲವರು ಹೇಳ್ತಾರೆ, ದಿನಕ್ಕೆ ಐದು ರೂಪಾಯಿ ಬಿತ್ತು, ಟೀ ದುಡ್ಡಿಗಿಂತ ಕಮ್ಮಿ, ಅದಕ್ಕೂ ಅಳಬೇಕಾ ಅಂತ. ಅಣ್ಣಾ, ಟೀ ಕುಡಿದ ದಿನ ನಾನು ಟೀ ದುಡ್ಡು ಕೊಡ್ತೀನಿ. ಕುಡೀದಿದ್ದ ದಿನಕ್ಕೂ ಹೋಟೆಲಿನವನು ಕೇಳಲ್ಲ. ಒಳ್ಳೆ ಮಳೆ ಆದ ವರ್ಷ ಎರಡು ಮೂರು ತಿಂಗಳು ನಮ್ಮ ಮೋಟ್ರು ಆನೇ ಆಗಲ್ಲ. ಆಗಲೂ ಅದರ ಹೆಸರಲ್ಲಿ ದುಡ್ಡು ಹೋಗ್ತಾನೇ ಇರುತ್ತೆ. ಆನ್ ಆದ ದಿನವೂ ಆ ಸಿಮ್ಮಿನ ಕೆಲಸ ಎಷ್ಟು? ಕರೆಂಟ್ ಬಂತು ಅಂತ ನಮಗೊಂದು ಕಾಲು, ನಾವು ಆನ್ ಮಾಡೋಕೆ ಒಂದು ಕಾಲು, ಆಫ್ ಮಾಡೋಕೆ ಇನ್ನೊಂದು. ಎಲ್ಲಾ ಸೇರಿ ಎರಡು ನಿಮಿಷ. ಇದಕ್ಕೆ ಅವರು ಕೊಡೋದು ಅನ್‌ಲಿಮಿಟೆಡ್ ಮಾತು. ನಮ್ಮ ಐದು ಎಚ್‌ಪಿ ಮೋಟ್ರು ರಾತ್ರಿಯಿಡೀ ಯಾರ ಜೊತೆ ಮಾತಾಡಬೇಕು?

ಸ್ಟಾರ್ಟರ್ ಇಲ್ದೆ ಬದುಕಿಲ್ವಾ ಅಂತಾನೂ ಕೇಳಬಹುದು. ಬದುಕಿದ್ವಿ. ಹೇಗೆ ಬದುಕಿದ್ವಿ ಅಂತ ನಿಮಗೂ ಗೊತ್ತು. ಪಂಪ್‌ಸೆಟ್ಟಿಗೆ ಏಳು ಗಂಟೆ ತ್ರೀ ಫೇಸ್ ಅಂತಾರೆ, ಅದು ಹಗಲು ಪಾಳಿ, ರಾತ್ರಿ ಪಾಳಿ ಅಂತ ಒಡೆದು ಬರುತ್ತೆ. ರಾತ್ರಿ ಎರಡು ಗಂಟೆಗೆ ಬಂದ್ರೆ ಟಾರ್ಚ್ ಹಿಡ್ಕೊಂಡು ಬದು ಮೇಲೆ ಹೋಗಬೇಕು. ಹಾವು ಬಿಡಿ, ನಮ್ಮ ಜಿಲ್ಲೆಯ ಚಿರತೆ, ಕರಡಿ ಕಾಟ ಹೊಸದಾಗಿ ಹೇಳಬೇಕಿಲ್ಲ. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಿ ಹೋದವರು ಯಾವ ಹೋಬಳೀಲಿ ಇಲ್ಲ ಹೇಳಿ. ಆ ಡಬ್ಬಿಯೊಳಗಿನ ಸಿಮ್ಮು ಮನೆಯಲ್ಲಿ ಮಲಗಿದ್ದವನನ್ನ ಮನೆಯಲ್ಲೇ ಉಳಿಸಿದೆ. ಅದಕ್ಕೇ ಕೋಪ ಬರೋದು. ಇಷ್ಟು ಉಪಕಾರದ ವಸ್ತುವನ್ನ ಸಿನಿಮಾ ನೋಡೋ ಗಿರಾಕಿಯ ಸಾಲಿನಲ್ಲಿ ನಿಲ್ಲಿಸಿ ದುಡ್ಡು ಕೀಳ್ತಿದ್ದಾರಲ್ಲ.

ಇನ್ನೊಂದು ತಮಾಷೆ ಇದೆ. ವ್ಯಾಲಿಡಿಟಿ ಮುಗಿದ ಕೂಡಲೇ ಮೊದಲು ನಿಲ್ಲೋದು ಔಟ್‌ಗೋಯಿಂಗ್. ಅಂದ್ರೆ ನಾವು ಫೋನ್ ಮಾಡಿದ್ರೆ ಮೋಟ್ರು ಆನ್ ಆಗುತ್ತೆ, ಆದ್ರೆ ನೀರು ನಿಂತು ಮೋಟ್ರು ಬರಿದೇ ಓಡಿದ್ರೆ, ಫೇಸ್ ಹೋದ್ರೆ, ಅದು ನಮಗೆ ಹೇಳೋಕಾಗಲ್ಲ. ಡಬ್ಬಿಯಲ್ಲಿ ರಕ್ಷಣೆ ಇದ್ರೆ ತಾನೇ ಆಫ್ ಆದೀತು, ನಾವು ಮಾತ್ರ ನೀರು ಹರೀತಿದೆ ಅಂತ ನೆಮ್ಮದಿಯಾಗಿ ನಿದ್ದೆ ಮಾಡ್ತಿರ್ತೀವಿ. ಬೆಳಿಗ್ಗೆ ಹೋಗಿ ನೋಡಿದ್ರೆ ಪಾತಿ ಒಣಗಿರುತ್ತೆ.

ಫೋನು ಹಳ್ಳಿಗೆ ಬಂದದ್ದು ಕೆಟ್ಟದ್ದಾಯ್ತು ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳಿದ್ರೆ ನಾಲಿಗೆ ಬೀಳುತ್ತೆ. ಲ್ಯಾಂಡ್‌ಲೈನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಕಾಲ ನಾನು ಕಂಡವನೇ. ಸಾವಿನ ಸುದ್ದಿಯನ್ನ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸ್ತಿದ್ರು. 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಸಿ-ಡಾಟ್‌ನವರು ತಯಾರು ಮಾಡಿದ ಮೊದಲ ಹಳ್ಳಿ ಎಕ್ಸ್‌ಚೇಂಜು ಶುರುವಾಗಿದ್ದು, 128 ಲೈನಿನದು. ರಾಣಿ ಚೆನ್ನಮ್ಮನ ಊರು ಅಂತ ಮಾತ್ರ ನಮ್ಮ ಮಕ್ಕಳಿಗೆ ಗೊತ್ತು, ಇದನ್ನೂ ಹೇಳಿಕೊಡಿ. ಅದರ ವಿಶೇಷ ಏನಪ್ಪ ಅಂದ್ರೆ ಅದಕ್ಕೆ ಎಸಿ ಬೇಕಿರಲಿಲ್ಲ. ಹಳ್ಳಿಯಲ್ಲಿ ಧೂಳು ಇರುತ್ತೆ, ಸೆಖೆ ಇರುತ್ತೆ, ಕರೆಂಟ್ ಹೋಗ್ತಾ ಬರ್ತಾ ಇರುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಮಾಡಿದ ಯಂತ್ರ ಅದು. ಹಳ್ಳಿಯನ್ನ ಕಣ್ಮುಂದೆ ಇಟ್ಕೊಂಡು ಮಾಡಿದ್ರು. ಈಗಿನ ಪ್ಯಾಕುಗಳನ್ನ ಮಾಡೋರ ಕಣ್ಮುಂದೆ ಯಾರಿದ್ದಾರೆ ಅಂತ ಅವರ ಜಾಹೀರಾತು ನೋಡಿದ್ರೇ ಗೊತ್ತಾಗುತ್ತೆ.

ಮೊಬೈಲು ಬಂದದ್ದು 1995ರ ಜುಲೈ 31ಕ್ಕೆ. ಕಲ್ಕತ್ತೆಯಿಂದ ಜ್ಯೋತಿ ಬಸು ದಿಲ್ಲಿಯ ಸುಖರಾಂ ಅವರಿಗೆ ಮೊದಲ ಕಾಲ್ ಮಾಡಿದ್ರು. ಆಗ ಬಂದ ಕಾಲಿಗೂ ದುಡ್ಡು. 2003ರಲ್ಲಿ ಇನ್‌ಕಮಿಂಗ್ ಫ್ರೀ ಆಯ್ತು, ಅದೇ ವರ್ಷ ರಿಲಯನ್ಸಿನವರು 501 ರೂಪಾಯಿ ಕಟ್ಟಿದ್ರೆ ಫೋನು ಅಂದ್ರು. ಆಮೇಲೆ ನಮ್ಮೆಲ್ಲರ ಕೈಗೆ ಟಾರ್ಚ್ ಇದ್ದ ನೋಕಿಯಾ 1100 ಬಂತು. 999 ಕಟ್ಟಿದ್ರೆ ಲೈಫ್‌ಟೈಮ್ ಇನ್‌ಕಮಿಂಗ್ ಅಂದ್ರು. ಯಾರ ಲೈಫು ಅಂತ ಆಗ ಕೇಳಲಿಲ್ಲ ನಾವು. 2009ರಲ್ಲಿ ಟಾಟಾ ಡೊಕೊಮೊದವರು ಸೆಕೆಂಡಿಗೆ ಒಂದು ಪೈಸೆ ಅಂತ ತಂದ್ರು, ಉಳಿದವರೂ ಅದೇ ದಾರಿ ಹಿಡಿದ್ರು. ಆಡಿದಷ್ಟಕ್ಕೆ ದುಡ್ಡು. ತೂಕ ಹಾಕಿ ಕೊಟ್ಟ ಹಾಗೆ. ಇದಕ್ಕಿಂತ ನ್ಯಾಯದ ಲೆಕ್ಕ ಈ ವ್ಯಾಪಾರದಲ್ಲಿ ಅದಕ್ಕೆ ಮುಂಚೆಯೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಆಗ ಎಷ್ಟು ಕಂಪನಿ ಇದ್ವು ನೆನಪಿದೆಯಾ? ಸ್ಪೈಸ್, ಏರ್‌ಸೆಲ್, ಡೊಕೊಮೊ, ರಿಲಯನ್ಸ್, ಯುನಿನಾರ್, ಎಂಟಿಎಸ್, ವೊಡಾಫೋನ್, ಐಡಿಯಾ, ಏರ್‌ಟೆಲ್, ಬಿಎಸ್‌ಎನ್‌ಎಲ್. ಸಂತೆಯಲ್ಲಿ ಛತ್ರಿ ಹಾಕ್ಕೊಂಡು ಸಿಮ್ ಪುಕ್ಕಟೆ ಹಂಚ್ತಿದ್ರು. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು 122 ಲೈಸೆನ್ಸ್ ರದ್ದು ಮಾಡ್ತು. 2016ರ ಸೆಪ್ಟೆಂಬರಿಗೆ ಜಿಯೋ ಬಂತು, ತಿಂಗಳುಗಟ್ಟಲೆ ಎಲ್ಲಾ ಫ್ರೀ. ಆ ಹೊಡೆತಕ್ಕೆ ಒಬ್ಬೊಬ್ಬರೇ ಅಂಗಡಿ ಮುಚ್ಚಿದ್ರು. ವೊಡಾಫೋನೂ ಐಡಿಯಾನೂ 2018ರಲ್ಲಿ ಒಂದಾದ್ವು. ಈಗ ಉಳಿದಿರೋದು ಖಾಸಗಿಯವರು ಮೂರು, ಸರ್ಕಾರದ್ದು ಒಂದು.

ತಿಪಟೂರಿಗೆ ಕೊಬ್ಬರಿ ಹಾಕಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹರಾಜಿಗೆ ಹತ್ತು ಜನ ನಿಂತ ದಿನದ ರೇಟೇ ಬೇರೆ, ಮೂರು ಜನ ನಿಂತ ದಿನದ ರೇಟೇ ಬೇರೆ. ಮೂವರು ಒಳಗೊಳಗೇ ಮಾತಾಡ್ಕೊಂಡ್ರು ಅಂತ ನಾನು ಹೇಳ್ತಿಲ್ಲ. ಮಾತಾಡ್ಕೊಳ್ಳೋ ಅಗತ್ಯವೇ ಇಲ್ಲ, ಒಬ್ಬರ ಮುಖ ಒಬ್ಬರು ನೋಡಿದ್ರೆ ಸಾಕು. 2024ರ ಜುಲೈ 3ಕ್ಕೆ ಇಬ್ಬರು ಏರಿಸಿದ್ರು, 4ಕ್ಕೆ ಮೂರನೆಯವರು ಏರಿಸಿದ್ರು. ರೇಟ್ ಎಷ್ಟಿರಬೇಕು ಅನ್ನೋದನ್ನ ಟ್ರಾಯ್ ಕಂಪನಿಗಳಿಗೇ ಬಿಟ್ಟಿದೆ. ಹನ್ನೆರಡು ಕಂಪನಿ ಇದ್ದಾಗ ಹಾಗೆ ಬಿಟ್ಟದ್ದು ಸರಿಯೇ. ಮೂರಕ್ಕೆ ಇಳಿದ ಮೇಲೂ ಬಿಟ್ಟಿರೋದು ಯಾವ ನ್ಯಾಯ?

ಕೀಪ್ಯಾಡಿನವರ ಕತೆ ನೋಡಿ. 2018ರ ಕೊನೆಯವರೆಗೂ ಸಿಮ್ಮಿಗೆ ದುಡ್ಡು ಹಾಕದಿದ್ರೂ ಇನ್‌ಕಮಿಂಗ್ ಬರ್ತಿತ್ತು. ಆಮೇಲೆ ಕನಿಷ್ಠ 35 ಹಾಕಿ ಅಂದ್ರು. ಏರ್‌ಟೆಲ್‌ನದೇ ಹೇಳೋದಾದ್ರೆ 2021ರ ಜುಲೈಗೆ 79, ಅದೇ ವರ್ಷ ನವೆಂಬರಿಗೆ 99. 2023ರ ಶುರುವಿಗೆ ಕರ್ನಾಟಕದಲ್ಲಿ 155, ಅದೂ 24 ದಿನಕ್ಕೆ. 2024ರ ಜುಲೈಗೆ 199. ಆರು ವರ್ಷ ತುಂಬೋದ್ರೊಳಗೆ 35 ಇದ್ದದ್ದು 199. ನಮ್ಮ ರಾಗಿ ಇಷ್ಟು ಪಟ್ಟು ಏರಿದ್ದಿದ್ರೆ ನಾವೂ ಈ ಹೊತ್ತಿಗೆ ಕಾರಲ್ಲಿ ತೋಟಕ್ಕೆ ಹೋಗ್ತಿದ್ವಿ.

ಇದಕ್ಕೆ ಕಂಪನಿಯವರ ಉತ್ತರ ಏನು ಅಂದ್ರೆ, ಇಂಡಿಯಾದಲ್ಲಿ ಒಂದು ಜಿಬಿಗೆ ಪ್ರಪಂಚದಲ್ಲೇ ತೀರಾ ಕಮ್ಮಿ ರೇಟು ಅಂತ. ನಿಜ ಇರಬಹುದು, ಇರಲಿ. ಜಿಬಿ ಕುಡಿಯೋನಿಗೆ ಅಗ್ಗ. ಜಿಬಿ ಮುಟ್ಟದವನಿಗೆ ಏನು ಅಗ್ಗ? ಹೋಟೆಲಿನಲ್ಲಿ ಊಟ ಅಗ್ಗ ಅಂತ ನೀರು ಕುಡಿಯೋಕೆ ಬಂದವನಿಗೂ ಊಟದ ಬಿಲ್ಲು ಕೊಟ್ರೆ ಹೇಗೋ ಹಾಗೆ. ಎರಡನೇ ಉತ್ತರ, ನಮಗೆ ಸಾಲ ಇದೆ ಅಂತ. ಇದರಲ್ಲಿ ಅರ್ಧ ನಿಜ ಇದೆ, ಅದನ್ನ ಒಪ್ಪಬೇಕು. ಸರ್ಕಾರ ತರಂಗ ಹರಾಜು ಹಾಕಿ ಚೆನ್ನಾಗಿ ಗೋರಿದೆ, 2010ರ 3ಜಿ ಹರಾಜೊಂದರಲ್ಲೇ 67 ಸಾವಿರ ಕೋಟಿ ಮೇಲೆ. ಆದಾಯದಲ್ಲಿ ಪಾಲು ಅಂದ್ರೆ ಯಾವ ಯಾವ ಆದಾಯ ಅನ್ನೋ ಜಗಳ ಕೋರ್ಟಿಗೆ ಹೋಗಿ, 2019ರ ಅಕ್ಟೋಬರ್ 24ಕ್ಕೆ ಸುಪ್ರೀಂ ಕೋರ್ಟು ಸರ್ಕಾರದ ಪರ ತೀರ್ಪು ಕೊಟ್ಟಿತು. ಆ ಬಾಕಿಯ ಭಾರಕ್ಕೆ ವೊಡಾಫೋನ್ ಐಡಿಯಾ ಮಂಡಿಯೂರಿತು, ಸರ್ಕಾರ ಬಾಕಿಯನ್ನ ಷೇರು ಮಾಡ್ಕೊಂಡು ಈಗ ಅದರಲ್ಲಿ ಸುಮಾರು 49ರಷ್ಟು ಪಾಲುದಾರ.

ಆದ್ರೆ ಸಾಲ ತೀರಿಸೋಕೆ ಅವ್ವನ ಕೀಪ್ಯಾಡೇ ಬೇಕಾ? ಏರ್‌ಟೆಲ್‌ಗೆ ಒಬ್ಬೊಬ್ಬ ಗಿರಾಕಿಯಿಂದ ತಿಂಗಳಿಗೆ ಸಿಗೋ ಸರಾಸರಿ 2024ರ ಕೊನೆಯ ಮೂರು ತಿಂಗಳಲ್ಲಿ 245 ರೂಪಾಯಿ ಇತ್ತು. ಇದು 300 ಆಗಬೇಕು ಅಂತ ಅವರ ದೊಡ್ಡವರೇ ಬಹಿರಂಗವಾಗಿ ಹೇಳ್ತಾ ಬಂದಿದ್ದಾರೆ. ಸರಾಸರಿ ಏರಿಸೋಕೆ ಎರಡು ದಾರಿ. ಜಾಸ್ತಿ ಬಳಸೋರಿಗೆ ಜಾಸ್ತಿ ಹಾಕೋದು ಒಂದು. ಕೆಳಗಿನ ಮೆಟ್ಟಿಲನ್ನೇ ಕಿತ್ತು ಹಾಕೋದು ಇನ್ನೊಂದು. ಕಿತ್ತದ್ದು ಕೆಳಗಿನದನ್ನ.

ಟ್ರಾಯ್ ಏನೂ ಮಾಡಲಿಲ್ಲ ಅಂದ್ರೆ ಸುಳ್ಳಾಗುತ್ತೆ. 2022ರ ಜನವರಿಯಲ್ಲಿ, 28 ದಿನದ್ದು ಇರಲಿ, 30 ದಿನದ್ದೂ ಒಂದು ಪ್ಯಾಕು ಇಡಿ, ತಿಂಗಳ ಅದೇ ತಾರೀಕಿಗೆ ಬರೋದೂ ಒಂದು ಇಡಿ ಅಂತು. ಇಟ್ರು, ಅಂಗಡಿ ಹುಡುಗನಿಗೂ ಗೊತ್ತಿಲ್ಲದ ಮೂಲೆಯಲ್ಲಿ. 2024ರ ಡಿಸೆಂಬರಿನಲ್ಲಿ ಇಂಟರ್ನೆಟ್ ಬೇಡದವರಿಗೆ ಬರೀ ಮಾತು, ಮೆಸೇಜಿನ ಪ್ಯಾಕು ಕೊಡಲೇಬೇಕು ಅಂತು. ನಾನು ಖುಷಿಪಟ್ಟು ಕಾದೆ. ಬಂತು. ಏರ್‌ಟೆಲ್‌ನಲ್ಲಿ 24 ಜಿಬಿ ಇದ್ದ ವರ್ಷದ ಪ್ಯಾಕು 1999 ಇತ್ತು. 24 ಜಿಬಿಯನ್ನ ಕಿತ್ತು ಮೊದಲು 1959 ಅಂದ್ರು, ಗಲಾಟೆ ಆದ ಮೇಲೆ 1849. ಊಟದಿಂದ ಹಪ್ಪಳ ತೆಗೆದು ಬರೀ ನೀರಿನ ಬಿಲ್ಲು ಅಂದ ಹಾಗಾಯ್ತು. ಕಾನೂನಿನ ಅಕ್ಷರ ಪಾಲಿಸಿದ್ರು, ಅಷ್ಟೇ. ಎಷ್ಟಕ್ಕೆ ಅಂತ ಟ್ರಾಯ್ ಹೇಳಿರಲಿಲ್ಲವಲ್ಲ.

ಬಿಎಸ್‌ಎನ್‌ಎಲ್‌ಗೆ ಹೋಗಿ ಅಂತಾರೆ. 2024ರ ಜುಲೈ, ಆಗಸ್ಟಿನಲ್ಲಿ ದೇಶದಲ್ಲಿ 50 ಲಕ್ಷ ಜನ ಹೋದ್ರು. ಕೆಲವೇ ತಿಂಗಳಿಗೆ ವಾಪಸ್ ಬರೋರ ಸಾಲೂ ಶುರುವಾಯ್ತು. ಖಾಸಗಿಯವರು 2012ರಲ್ಲೇ 4ಜಿ ತಂದ್ರು. ಸರ್ಕಾರ ತನ್ನದೇ ಕಂಪನಿಗೆ 4ಜಿ ತರಂಗ ಕೊಡೋ ತೀರ್ಮಾನ ಮಾಡಿದ್ದು 2019ರಲ್ಲಿ, ದೇಶದ ತುಂಬ ಉದ್ಘಾಟನೆ ಆದದ್ದು 2025ರ ಸೆಪ್ಟೆಂಬರ್ 27ಕ್ಕೆ. ನಡುವೆ 2020ರಲ್ಲಿ 78 ಸಾವಿರ ನೌಕರರನ್ನ ಸ್ವಯಂ ನಿವೃತ್ತಿ ಅಂತ ಮನೆಗೆ ಕಳಿಸಿದ್ರು. ಎತ್ತಿಗೆ ಹದಿಮೂರು ವರ್ಷ ಮೇವು ಹಾಕದೆ ಕಟ್ಟಿಹಾಕಿ, ಆಮೇಲೆ ಓಟಕ್ಕೆ ಬಿಟ್ಟು ನೋಡಿ ಸೋತಿತು ಅಂದ್ರೆ ಎತ್ತಿನ ತಪ್ಪಾ? ಈ 4ಜಿ ಯಂತ್ರ ದೇಶದ್ದೇ, ಅದರಲ್ಲಿ ಬೆಂಗಳೂರಿನ ತೇಜಸ್ ಕಂಪನಿಯ ಕೈಯೂ ಇದೆ ಅನ್ನೋದು ಸಂತೋಷದ ವಿಷಯ. ಸರ್ಕಾರಿ ಕಂಪನಿ ಗಟ್ಟಿಯಾಗಿದ್ರೆ ಮಾತ್ರ ಉಳಿದ ಮೂವರ ರೇಟಿಗೆ ಮೂಗುದಾರ. ಹಾಲಿನಲ್ಲಿ ನಂದಿನಿ ಇಲ್ಲದಿದ್ರೆ ಖಾಸಗಿ ಡೇರಿಯವರು ನಮಗೆ ಎಷ್ಟು ಕೊಡ್ತಿದ್ರು ಅಂತ ಯೋಚನೆ ಮಾಡಿ, ಇದು ಅರ್ಥ ಆಗುತ್ತೆ.

ಜಿಯೋ ಅಗ್ಗ ಇದ್ರೂ ಸ್ಟಾರ್ಟರಿಗೆ ಆಗಲ್ಲ. ನಮ್ಮ ಹಳೇ ಡಬ್ಬಿಗಳೆಲ್ಲ 2ಜಿ, ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. 2020ರಲ್ಲಿ ಮುಕೇಶ್ ಅಂಬಾನಿಯವರು 2ಜಿಯನ್ನ ಇತಿಹಾಸಕ್ಕೆ ಸೇರಿಸಬೇಕು ಅಂದಿದ್ರು. ಸೇರಿಸಿ ಸ್ವಾಮಿ, ಆದ್ರೆ ಆ ದಿನ ತೋಟದ ಡಬ್ಬಿಗಳೂ ಇತಿಹಾಸಕ್ಕೆ ಸೇರ್ತವೆ. 4ಜಿ ಡಬ್ಬಿ ಬಂದಿವೆ, ರೇಟೂ ಹಾಗೇ ಇದೆ, ಅದನ್ನ ಯಾರು ಕೊಡಿಸ್ತಾರೆ?

ಹಳ್ಳಿ ಹೆಸರಲ್ಲಿ ದುಡ್ಡು ಇಲ್ಲ ಅಂತಲ್ಲ. 199ರಲ್ಲಿ 18 ಪರ್ಸೆಂಟ್ ಜಿಎಸ್‌ಟಿ, ಅಂದ್ರೆ 30 ರೂಪಾಯಿ ಅಲ್ಲೇ ಹೋಯ್ತು. ಕಂಪನಿಯ ಆದಾಯದಲ್ಲಿ 5 ಪರ್ಸೆಂಟ್ ಹಳ್ಳಿಗಳಿಗೆ ಸಂಪರ್ಕ ಕೊಡೋ ನಿಧಿಗೆ ಹೋಗುತ್ತೆ, 2002ರಿಂದ ಇದೆ, ಈಗ ಡಿಜಿಟಲ್ ಭಾರತ್ ನಿಧಿ ಅಂತ ಹೆಸರು. ಲೆಕ್ಕ ಹಾಕಿದ್ರೆ ನಮ್ಮ ಒಂದು ರೀಚಾರ್ಜಿನಲ್ಲಿ ಸುಮಾರು 8 ರೂಪಾಯಿ. ಹೀಗೆ ಸೇರಿದ್ದರಲ್ಲಿ ಹತ್ತಾರು ಸಾವಿರ ಕೋಟಿ ಖರ್ಚಾಗದೆ ಉಳಿದಿದೆ. ಹಳ್ಳಿಯಲ್ಲಿ ನೂರು ಜನಕ್ಕೆ 59ರ ಹತ್ತಿರ ಫೋನು, ಪಟ್ಟಣದಲ್ಲಿ 130ರ ಮೇಲೆ, ಇದು 2024ರ ಲೆಕ್ಕ. ನಮ್ಮೂರ ಗುಡ್ಡದ ಮೇಲಿನ ಟವರು, ಕಂಪನಿ ಹೆಸರು ಬೇಡ, ಕರೆಂಟ್ ಹೋಗಿ ಅರ್ಧ ಗಂಟೆಗೆ ತಾನೂ ಕಣ್ಣು ಮುಚ್ಚುತ್ತೆ. ಬ್ಯಾಟರಿ ಬದಲಾಯಿಸಿ ಅಂತ ಎರಡು ವರ್ಷದಿಂದ ಹೇಳ್ತಿದ್ದೀವಿ. (ಟವರ್ ಅಂದಾಗ ನೆನಪಾಯ್ತು. ನಿಮ್ಮ ಹೊಲದಲ್ಲಿ ಟವರ್ ಹಾಕ್ತೀವಿ, ಮೊದಲು ಫೀಸು ಕಟ್ಟಿ, ಟ್ರಾಯ್ ಪತ್ರ ಕೊಡಿಸ್ತೀವಿ ಅಂತ ಮೆಸೇಜ್ ಬಂದ್ರೆ ಒಂದು ಪೈಸೆ ಕಟ್ಟಬೇಡಿ. ಶುದ್ಧ ಮೋಸ. ಟ್ರಾಯ್ ಅಂಥ ಪತ್ರ ಕೊಡಲ್ಲ.)

ಬೇಡ ಅಂದ್ರೆ ಸಿಮ್ ಬಿಸಾಕಿ ಅನ್ನೋರಿಗೆ ಒಂದು ಮಾತು. ಪಕ್ಕದ ಹಟ್ಟಿಯ ಒಬ್ಬ ಅಜ್ಜಿ, ಗಂಡ ತೀರಿಕೊಂಡ ಮೇಲೆ ಎಂಟು ತಿಂಗಳು ಮಗಳ ಮನೇಲಿದ್ರು, ರೀಚಾರ್ಜ್ ಮಾಡಿಸಿರಲಿಲ್ಲ. ನಂಬರು ಬಂದ್ ಆಗಿ ಇನ್ಯಾರಿಗೋ ಹೋಯ್ತು. ಆಧಾರಿಗೆ, ಬ್ಯಾಂಕಿಗೆ ಕೊಟ್ಟಿದ್ದೂ ಅದೇ ನಂಬರು. ಪಿಎಂ ಕಿಸಾನ್ ಇ-ಕೆವೈಸಿಗೆ ಒಟಿಪಿ ಬಂದ್ರೆ ಅದು ಯಾರ ಫೋನಿಗೋ ಹೋಗ್ತಿತ್ತು. ಆಧಾರ್ ಕೇಂದ್ರ, ಬ್ಯಾಂಕು ಅಂತ ನಾಲ್ಕು ದಿನ ಓಡಾಡಿದ್ರು, ನಾಲ್ಕು ದಿನದ ಕೂಲಿ ಹೋಯ್ತು. ಸರ್ಕಾರವೇ ಎಲ್ಲದಕ್ಕೂ ಒಟಿಪಿ ಕೇಳುತ್ತೆ, ಫ್ರೂಟ್ಸ್ ಐಡಿಯಿಂದ ಹಿಡಿದು ಎಲ್ಲಕ್ಕೂ ಮೊಬೈಲ್ ನಂಬರ್ ಕೊಡಿ ಅನ್ನುತ್ತೆ. ಹಾಗಾದ್ರೆ ನಂಬರು ಅನ್ನೋದು ರೇಷನ್ ಕಾರ್ಡಿನ ಥರ ಆಯ್ತು. ರೇಷನ್ ಕಾರ್ಡನ್ನ 28 ದಿನಕ್ಕೊಂದು ಸಲ 199 ಕಟ್ಟಿ ಉಳಿಸ್ಕೋ ಅಂದ್ರೆ ಸುಮ್ನಿರ್ತೀವಾ?

ನಾನು ಪುಕ್ಕಟೆ ಕೇಳ್ತಿಲ್ಲ, ಅದು ಗೊತ್ತಿರಲಿ. ಕೇಳೋದು ಎರಡೇ. ವರ್ಷಕ್ಕೆ ಒಂದು ಸಣ್ಣ ಮೊತ್ತ, ಮುನ್ನೂರು ಅನ್ನಿ, ಕಟ್ಟಿದ್ರೆ ನಂಬರು ಉಳೀಬೇಕು, ಇನ್‌ಕಮಿಂಗು ಬರಬೇಕು, ಆಡಿದ್ದಕ್ಕೆ ಸೆಕೆಂಡಿನ ಲೆಕ್ಕದಲ್ಲಿ ದುಡ್ಡು ಮುರ್ಕೊಳ್ಳಿ. ಎರಡನೇದು ಸ್ಟಾರ್ಟರಿಗೆ ಬೇರೆ ಸಿಮ್ಮು. ಯಂತ್ರದಿಂದ ಯಂತ್ರಕ್ಕೆ ಅಂತ 13 ಅಂಕಿಯ ನಂಬರನ್ನ ಸರ್ಕಾರ 2018ರಲ್ಲೇ ತಂದಿದೆ. ದೊಡ್ಡ ಕಂಪನಿಗಳು ಸಗಟಲ್ಲಿ ತಗೋತವೆ. ನಾನು ಹೋಬಳಿಯ ಮೊಬೈಲ್ ಅಂಗಡಿಗೆ ಹೋಗಿ ಬೋರಿಗೆ ಅಂಥ ಸಿಮ್ ಕೊಡಪ್ಪ ಅಂದ್ರೆ ಹುಡುಗ ನಗ್ತಾನೆ. ನಿಧಿಯಲ್ಲಿ ಉಳಿದಿರೋ ದುಡ್ಡಲ್ಲಿ ಇದಕ್ಕೊಂದು ದಾರಿ ಮಾಡಬಹುದು, ಅದು ನಮ್ಮ ರೀಚಾರ್ಜಿಂದಲೇ ಹೋದ ದುಡ್ಡು.

ಬರೋ ಗ್ರಾಮಸಭೆಯಲ್ಲಿ ಇದನ್ನ ಠರಾವು ಮಾಡಿಸೋಣ ಅಂತ ನಾನು, ಇನ್ನೂ ಮೂರು ಊರಿನವರು ಮಾತಾಡಿದ್ದೀವಿ. ಒಂದು ಪ್ರತಿ ಟ್ರಾಯ್‌ಗೆ, ಒಂದು ನಮ್ಮ ಎಂಪಿಯವರಿಗೆ. ಅದಕ್ಕೆ ಲೆಕ್ಕ ಬೇಕು. ನಿಮ್ಮ ಊರು, ಎಷ್ಟು ಬೋರಿಗೆ ಮೊಬೈಲ್ ಸ್ಟಾರ್ಟರ್ ಇದೆ, ಡಬ್ಬಿ 2ಜಿಯದಾ 4ಜಿಯದಾ, ಯಾವ ಪ್ಯಾಕು ಹಾಕಿಸ್ತೀರಿ, ಹೋದ ವರ್ಷ ಎಷ್ಟು ದಿನ ವ್ಯಾಲಿಡಿಟಿ ಇಲ್ಲದೆ ನಿಂತಿತ್ತು, ಇಷ್ಟನ್ನ ಇದರ ಕೆಳಗೆ ಬರೀರಿ. ಬರೆಯೋಕೆ ಬರದವರದ್ದನ್ನ ಮಕ್ಕಳು ಬರೆದು ಹಾಕಿ. ರೀಚಾರ್ಜ್ ಮಾಡಿಸಿದ ಮೆಸೇಜ್ ಅಳಿಸದೆ ಇಟ್ಕೊಳ್ಳಿ. ಸ್ಟಾರ್ಟರಿನ ನಂಬರ್ ಮಾತ್ರ ಇಲ್ಲಿ ಹಾಕಬೇಡಿ. ಕೆಲವು ಡಬ್ಬಿ ಯಾರು ಫೋನ್ ಮಾಡಿದ್ರೂ ಓಗೊಡ್ತವೆ, ಯಾವನೋ ಪುಂಡ ನಡುರಾತ್ರಿ ನಿಮ್ಮ ಮೋಟ್ರು ಆನ್ ಮಾಡಿಯಾನು.